ಅವ್ವನ ಕೈ, ಬೀಗದ ಕೈ

1,054 ಮಂದಿಯನ್ನು ಕೇಳಿದ್ದರು. ವೈದ್ಯಕೀಯ ವಿದ್ಯಾರ್ಥಿಗಳು, ದಂತವೈದ್ಯ ವಿದ್ಯಾರ್ಥಿಗಳು, ನರ್ಸಿಂಗ್ ಓದುವವರು, ಅವರಿಗೆ ಪಾಠ ಹೇಳುವವರು, ಹೋಮಿಯೋಪತಿಯವರು, ಪದವಿ ಮುಗಿಸಿ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡ ಡಾಕ್ಟರುಗಳು. ಕೇಳಿದ್ದು ದೊಡ್ಡ ವಿದ್ಯೆಯನ್ನೇನಲ್ಲ. ನಿಮ್ಮೆದುರಿಗೆ ಒಬ್ಬ ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದರೆ ಮೊದಲು ಏನು ಮಾಡುತ್ತೀರಿ, ಎದೆಯ ಮೇಲೆ ಕೈ ಎಲ್ಲಿ ಇಡುತ್ತೀರಿ, ಎಷ್ಟು ಆಳಕ್ಕೆ ಒತ್ತುತ್ತೀರಿ, ಇಂಥವು. ಇದರ ಫಲಿತಾಂಶ 2010ರಲ್ಲಿ ಇಂಡಿಯನ್ ಜರ್ನಲ್ ಆಫ್ ಅನಸ್ತೀಸಿಯಾ ಎಂಬ ಪತ್ರಿಕೆಯಲ್ಲಿ ಅಚ್ಚಾಗಿದೆ. ಪೂರ್ತಿ ಗೊತ್ತಿದ್ದವರು ಒಬ್ಬರೂ ಇಲ್ಲ. 894 ಮಂದಿ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ. ಎಂಬತ್ತು ಮುಟ್ಟಿದವರು ಇಬ್ಬರೇ ಇಬ್ಬರು.

ಈ ಪಟ್ಟಿಯನ್ನು ನಾನು ಮೂರು ಸಲ ಓದಿದೆ. ಡಾಕ್ಟರುಗಳಿಗೇ ಗೊತ್ತಿಲ್ಲವಂತೆ ನೋಡಿ ಎಂದು ಹಲ್ಲು ಕಿರಿಯುವುದಕ್ಕಲ್ಲ. ಅದರೊಳಗೆ ನಮ್ಮವ್ವ ಇದ್ದಾಳಾ ಅಂತ ಹುಡುಕಿದೆ. ಇಲ್ಲ. ಆಯಾ ಇಲ್ಲ, ವಾರ್ಡ್ ಬಾಯ್ ಇಲ್ಲ, ಸ್ಟ್ರೆಚರ್ ತಳ್ಳುವವನಿಲ್ಲ, ಗೇಟು ಕಾಯುವವನಿಲ್ಲ, ನೆಲ ಒರೆಸುವವಳಿಲ್ಲ. ಬರೆದವರನ್ನು ನಾನು ದೂರುವುದಿಲ್ಲ. ಅವರು ಓದುವವರನ್ನೂ ಓದಿಸುವವರನ್ನೂ ಅಳೆಯಲು ಹೊರಟಿದ್ದರು. ಆದರೆ ಆಸ್ಪತ್ರೆ ಅಂದಾಗ ಈ ನಾಡಿನ ಮನಸ್ಸಿನಲ್ಲಿ ಯಾರು ಯಾರು ಮೂಡುತ್ತಾರೆ, ಯಾರು ಮೂಡುವುದೇ ಇಲ್ಲ ಎಂಬುದಕ್ಕೆ ಆ ಪಟ್ಟಿ ಸಾಕು. ನಮ್ಮವರಿಗೆ ಪಾಸಾಗುವ ಹಕ್ಕು ಹಾಗಿರಲಿ, ಫೇಲಾಗುವ ಹಕ್ಕೂ ಇಲ್ಲ.

ಅವ್ವ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ 14 ವರ್ಷದಿಂದ ಹೊರಗುತ್ತಿಗೆಯ ಆಯಾ. ಇಷ್ಟರಲ್ಲಿ ಕಂಟ್ರಾಕ್ಟರು ಮೂರು ಸಲ ಬದಲಾದ. ಡಾಕ್ಟರುಗಳು ಎಷ್ಟು ಜನ ಬಂದು ಹೋದರೋ ಲೆಕ್ಕವಿಲ್ಲ. ಬದಲಾಗದೆ ಉಳಿದದ್ದು ಅವ್ವ ಮತ್ತು ಅವಳ ಪೊರಕೆ. ಆ ಪೊರಕೆಯ ಸಂಬಳದಲ್ಲೇ ನಾನು ಬಿ.ಎ. ಮುಗಿಸಿದ್ದು, ನಾಲ್ಕಕ್ಷರದ ಪದ್ಯ ಬರೆದು ನಿಮ್ಮಂಥವರ ಕೈಲಿ ಕವಿ ಅನ್ನಿಸಿಕೊಂಡದ್ದು. ಅಲ್ಲಿ ಗುಡಿಸುವ ಏಳು ಜನರಲ್ಲಿ ನಾಲ್ಕು ಜನ ನಮ್ಮ ಕೇರಿಯವರೇ. ಯಾಕೆ ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೋಗಿಯ ಮೈಯನ್ನು ಅವ್ವ ಮುಟ್ಟುವಷ್ಟು ಆ ಆಸ್ಪತ್ರೆಯಲ್ಲಿ ಇನ್ನಾರೂ ಮುಟ್ಟುವುದಿಲ್ಲ. ಉಚ್ಚೆ ತೆಗೆಯುವುದು, ವಾಂತಿ ಬಳಿಯುವುದು, ಹೆರಿಗೆಯಾದವಳ ರಕ್ತ ತೊಳೆಯುವುದು, ಮಗ್ಗುಲು ಬದಲಿಸುವುದು. ಕೊನೆಗೆ ಸತ್ತವರ ಕೈಕಾಲು ಜೋಡಿಸಿ ಬಟ್ಟೆ ಸುತ್ತುವುದು. ರೋಗಿ ಬದುಕಿರುವಾಗಿನ ಹೇಸಿಗೆಗೂ ಅವ್ವನ ಕೈ ಬೇಕು, ಸತ್ತ ಮೇಲಿನ ಹೆಣಕ್ಕೂ ಅವ್ವನ ಕೈ ಬೇಕು. ನಡುವೆ ಒಂದು ನಾಲ್ಕು ನಿಮಿಷ ಬರುತ್ತದೆ. ಆಗ ಮಾತ್ರ, "ಏ ಆಯಾ, ದೂರ ಸರಿ."

ನಾಲ್ಕು ನಿಮಿಷ ಅಂದದ್ದು ಬಾಯಿಗೆ ಬಂದ ಹಾಗಲ್ಲ. ಹೃದಯ ನಿಂತರೆ ಮೆದುಳಿಗೆ ರಕ್ತ ಹೋಗುವುದಿಲ್ಲ. ಸುಮಾರು ನಾಲ್ಕು ನಿಮಿಷದ ಮೇಲೆ ಮೆದುಳು ಕೆಡಲು ಶುರುವಾಗುತ್ತದೆ. ಯಾರೂ ಎದೆ ಒತ್ತದೆ ಹೋದರೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ನಮ್ಮ ಮೇಷ್ಟ್ರುಗಳೂ ಇದನ್ನು ಕಲಸಿಬಿಡುತ್ತಾರೆ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಮನುಷ್ಯ ಎದೆ ಹಿಡಿದುಕೊಂಡು ಬೆವರುತ್ತಾನೆ, ಮಾತಾಡುತ್ತಾನೆ. ಸ್ತಂಭನದಲ್ಲಿ ಹೃದಯವೇ ಬಡಿಯುವುದಿಲ್ಲ, ಆಳು ಬಿದ್ದೇಬಿಡುತ್ತಾನೆ. ಮೊದಲನೆಯದು ಎಷ್ಟೋ ಸಲ ಎರಡನೆಯದಕ್ಕೆ ದಾರಿ ಮಾಡುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. 2024ರಲ್ಲಿ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದು, ಕಟ್ಟಿದ ನಾಳ ಬಿಡಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಹೊರಟಿತು. ಒಳ್ಳೆಯದೇ, ಬಡವನಿಗೆ ಬೇಕಾದದ್ದೇ. ಆದರೆ ಆ ಚುಚ್ಚುಮದ್ದು ಬಡಿಯುತ್ತಿರುವ ಎದೆಗೆ. ನಿಂತ ಎದೆಗೆ ಮೊದಲು ಬೇಕಾದದ್ದು ಎರಡು ಕೈ.

ಆ ರಾತ್ರಿ ನಡೆದದ್ದನ್ನು ಅವ್ವ ಹೇಳಿದ ಹಾಗೇ ಬರೆಯುತ್ತೇನೆ. 2023ರ ಡಿಸೆಂಬರ್. ಕಬ್ಬು ಕಡಿಯುವ ಆಳೊಬ್ಬ, ಎದೆ ಉರಿ ಅಂತ ಬಂದವನು, ಹೆಂಡತಿ ಚೀಟಿ ಮಾಡಿಸಲು ಕಿಟಕಿಯ ಹತ್ತಿರ ಹೋಗಿದ್ದಾಳೆ, ಇವನು ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದ. ಹತ್ತಿರ ಇದ್ದವರು ಇಬ್ಬರು: ಅವ್ವ ಮತ್ತು ಗೇಟಿನ ಕಾವಲಿನವನು. ರಾತ್ರಿಗೆ ಇದ್ದ ಇಬ್ಬರು ಸಿಸ್ಟರುಗಳೂ ಹೆರಿಗೆ ವಾರ್ಡಿನಲ್ಲಿದ್ದರು. ಡ್ಯೂಟಿ ಡಾಕ್ಟರೂ ಅಲ್ಲೇ, ಮಗು ಅಡ್ಡ ಸಿಕ್ಕಿಕೊಂಡಿತ್ತು. ಅವ್ವ ಓಡಿಹೋಗಿ ಕೂಗಿದಳು. ವಾಪಸು ಬಂದು ನೋಡಿದರೆ ಕಾವಲಿನವನು ಬಿದ್ದವನ ಮುಖಕ್ಕೆ ನೀರು ಚಿಮುಕಿಸಿ ಕೈಗೆ ಬೀಗದ ಕೈ ಗೊಂಚಲು ಹಿಡಿಸಿದ್ದ. ಯಾರೋ ಅಂಗಾಲು ತಿಕ್ಕುತ್ತಿದ್ದರು, ಇನ್ಯಾರೋ ಸೋಡಾ ತನ್ನಿ ಅನ್ನುತ್ತಿದ್ದರು.

"ಅಂವ ಗೊರಕೆ ಹೊಡ್ದಂಗೆ ಸದ್ದು ಮಾಡ್ತಿದ್ದ ಕನ ಮಗ. ಉಸ್ರು ಅದೆ, ಏನಾಗಕಿಲ್ಲ ಅನ್ಕಂಡೊ."

ಅದು ಉಸಿರಲ್ಲ. ನಮ್ಮ ಕಡೆ ಮೇಲುಸಿರು ಅನ್ನುತ್ತಾರಲ್ಲ, ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಗೊರ ಅನ್ನುವುದು, ಅದು ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಬರುತ್ತದೆ. ಅದನ್ನು ಕಂಡ ಕೂಡಲೇ ಒತ್ತಲು ಶುರುಮಾಡಬೇಕು. ಇದನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕು? ನಾನು ಈಗ ನಿಮಗೆ ಹೇಳಿದಷ್ಟು ಹೊತ್ತು. 14 ವರ್ಷದಲ್ಲಿ ಅವ್ವನಿಗೆ ಯಾರೂ ಇದನ್ನು ಹೇಳಿರಲಿಲ್ಲ.

ಸಿಸ್ಟರು ಓಡಿ ಬಂದರು. ಕೈಗೆ ಹೆರಿಗೆಯ ರಕ್ತ ಹಾಗೇ ಇತ್ತು. ಆಕೆಗೆ ಗೊತ್ತಿತ್ತು, ಒತ್ತಿದರು. ಎತ್ತಿ ಮಂಚದ ಮೇಲೆ ಹಾಕಿಸಿಕೊಂಡು ಒತ್ತಿದರು. ಮೆತ್ತನೆ ಹಾಸಿಗೆ, ಒತ್ತಿದರೆ ಎದೆ ಕುಗ್ಗುವ ಬದಲು ಹಾಸಿಗೆಯೇ ಕುಗ್ಗುತ್ತದೆ. ಬೆನ್ನಿನ ಕೆಳಗೆ ಹಲಗೆ ಬೇಕು, ಇಲ್ಲವೇ ನೆಲದ ಮೇಲೇ ಒತ್ತಬೇಕು. ಉಸಿರು ಹಾಕುವ ಆಂಬು ಬ್ಯಾಗು ಎಲ್ಲಿ? ಬೀರುವಿನಲ್ಲಿ. ಬೀರುವಿನ ಬೀಗದ ಕೈ ಎಲ್ಲಿ? ಹಗಲು ಪಾಳಿಯ ಇನ್‌ಚಾರ್ಜ್ ಸಿಸ್ಟರ ಹತ್ತಿರ. ಅವರು ಎಲ್ಲಿ? ಮನೆಯಲ್ಲಿ.

ಬೀಗ ಯಾಕೆ ಹಾಕುತ್ತಾರೆ ಎಂದು ಕೇಳಿದೆ. ದಾಸ್ತಾನು ಪುಸ್ತಕದಲ್ಲಿರುವ ಸಾಮಾನು ಕಳೆದರೆ ಇನ್‌ಚಾರ್ಜಿನವರ ಸಂಬಳದಲ್ಲಿ ಮುರಿದುಕೊಳ್ಳುತ್ತಾರಂತೆ. ಆ ಸಿಸ್ಟರಮ್ಮ ಕೆಟ್ಟವರಲ್ಲ. ಒಂದು ರಬ್ಬರಿನ ಚೀಲದ ಬೆಲೆಗೆ ಹೆದರಿ ಬದುಕುವ ಸ್ಥಿತಿಯಲ್ಲಿ ಅವರನ್ನು ಇಟ್ಟಿದ್ದಾರೆ. ಮೇಲಿನವರ ಹೆದರಿಕೆ ಅವರಿಗೆ, ಅವರ ಹೆದರಿಕೆ ಅವ್ವನಿಗೆ. ನೆಲಕ್ಕೆ ಬಿದ್ದವನಿಗೆ ಯಾವ ಹೆದರಿಕೆಯೂ ಉಳಿಯಲಿಲ್ಲ. ಅವನ ಹೆಂಡತಿ ಚೀಟಿ ಹಿಡಿದುಕೊಂಡು ಬಂದಳು.

ಆಮೇಲೆ ವಿಚಾರಣೆ ಆಯಿತು. ನೋಟೀಸು ಬಂದದ್ದು ಕಾವಲಿನವನಿಗೆ, ಗೇಟು ಬಿಟ್ಟು ಒಳಗೆ ಯಾಕೆ ಬಂದೆ ಅಂತ.

ನಾನು ಅವ್ವನನ್ನು ಕೇಳಿದೆ: "ನಿಂಗೆ ಎದೆ ಒತ್ತೋದು ಗೊತ್ತಿದ್ದಿದ್ರೆ ಒತ್ತುತಿದ್ದೇನವ್ವಾ?" ಅವ್ವ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ನಾನೇನಾರ ಎದೆ ಮುಟ್ಟಿ ಅಂವ ಸತ್ತೋಗಿದ್ರೆ? ಆಯಾ ಕೊಂದ್ಲು ಅನ್ನರು ಕನಪ್ಪ."

ಗೆಳೆಯರೇ, ಈ ಮಾತನ್ನು ದಾಟಿ ನಾನು ಮುಂದೆ ಹೋಗಲಾರೆ. ಅರಿವಿಲ್ಲದಿರುವುದು ಒಂದು ಕಷ್ಟ. ಅರಿವಿದ್ದರೂ ಕೈ ಚಾಚಲು ಬಿಡದ ಭಯ ಇನ್ನೊಂದು ಕಷ್ಟ. ಕೆರೆಯ ನೀರು ಮುಟ್ಟಬೇಡ, ದೇವರ ಬಾಗಿಲು ಮುಟ್ಟಬೇಡ ಎಂದು ತಲೆತಲಾಂತರ ಹೇಳಿಸಿಕೊಂಡು ಬಂದ ಕೈ ಅದು. ಸಾಯುತ್ತಿರುವವನ ಎದೆಯನ್ನು ಮುಟ್ಟಲು ಅದಕ್ಕೆ ಧೈರ್ಯ ಎಲ್ಲಿಂದ ಬರಬೇಕು? ಪೋಸ್ಟರು ಅಂಟಿಸಿದರೆ ಬರುವುದಿಲ್ಲ. ಮುಟ್ಟು, ಇದು ನಿನ್ನ ಕೆಲಸವೂ ಹೌದು ಎಂದು ಆಸ್ಪತ್ರೆಯೇ ಬಾಯಿ ಬಿಟ್ಟು ಹೇಳಬೇಕು.

ಮುಟ್ಟುವುದು ಎಂಥವರ ಕೆಲಸ ಎಂಬುದಕ್ಕೆ ಈ ವಿದ್ಯೆ ಹುಟ್ಟಿದ ಕತೆಯನ್ನೇ ನೋಡಿ. 1960ರವರೆಗೆ ಹೃದಯ ನಿಂತರೆ ಎದೆ ಕೊಯ್ದು ಒಳಗೆ ಕೈ ಹಾಕಿ ಹೃದಯ ಹಿಂಡುತ್ತಿದ್ದರು. ಅದು ಶಸ್ತ್ರವೈದ್ಯನಿಗೆ ಮಾತ್ರ ಆಗುವ ಕೆಲಸ. ಅಮೆರಿಕದ ಬಾಲ್ಟಿಮೋರಿನಲ್ಲಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ, ಗೈ ನಿಕರ್‌ಬಾಕರ್ ಎಂಬ ಯುವಕ ನಾಯಿಯ ಎದೆಯ ಮೇಲೆ ವಿದ್ಯುತ್ ಕೊಡುವ ಹಿಡಿಗಳನ್ನು ಬಲವಾಗಿ ಒತ್ತಿದಾಗ, ಕರೆಂಟು ಕೊಡುವ ಮೊದಲೇ, ಅದರ ರಕ್ತದೊತ್ತಡ ಏರುವುದನ್ನು ಗಮನಿಸಿದ. ಅವನ ಗುರು ಕೌವೆನ್‌ಹೋವನ್ ಡಾಕ್ಟರೇ ಅಲ್ಲ, ವಿದ್ಯುತ್ ಇಂಜಿನಿಯರು. ಶಸ್ತ್ರವೈದ್ಯ ಜೂಡ್ ಎಂಬಾತ ಅವರ ಜೊತೆ ಸೇರಿಕೊಂಡ. 1960ರಲ್ಲಿ ಮೂವರೂ ಬರೆದ ಲೇಖನದ ತಿರುಳು ಒಂದೇ: ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು, ಬೇಕಾದದ್ದು ಎರಡು ಕೈ. ಅರವತ್ತು ವರ್ಷದ ಮೇಲಾಯಿತು. ಆ 'ಯಾರು ಬೇಕಾದರೂ' ಎಂಬ ಮಾತು ನಮ್ಮ ತಾಲ್ಲೂಕಿಗೆ ಇನ್ನೂ ಬಂದಿಲ್ಲ.

ಅವ್ವನ ಆಸ್ಪತ್ರೆಗೆ ಆ ಬೊಂಬೆ ಮಾತ್ರ ಬಂತು. 2024ರ ಜೂನ್‌ನಲ್ಲಿ ಒಂದು ದಿನದ ತರಬೇತಿ. ಡಾಕ್ಟರುಗಳು, ಸಿಸ್ಟರುಗಳು ಕುರ್ಚಿಯಲ್ಲಿ ಕೂತರು. ಕುರ್ಚಿ ಹಾಕಿದ್ದು ಅವ್ವ ಮತ್ತು ಇತರ ಡಿ ಗ್ರೂಪಿನವರು. ಟೀ ಕೊಟ್ಟದ್ದೂ ಅವರೇ. ಒಬ್ಬೊಬ್ಬರು ಊದಿದ ಮೇಲೂ ಬೊಂಬೆಯ ಬಾಯನ್ನು ಸ್ಪಿರಿಟಿನಲ್ಲಿ ಒರೆಸುವ ಕೆಲಸ ಅವ್ವನದು. ನಾನು ಅವ್ವನ ಬುತ್ತಿ ಕೊಡಲು ಹೋದವನು ಬಾಗಿಲಲ್ಲೇ ನಿಂತೆ. ಆ ಬೊಂಬೆಯ ಮುಖಕ್ಕೂ ಒಂದು ಕತೆ ಇದೆ. ನಾರ್ವೆ ದೇಶದಲ್ಲಿ ಆಟದ ಸಾಮಾನು ಮಾಡುತ್ತಿದ್ದ ಲೇರ್ಡಾಲ್ ಎಂಬಾತ 1960ರಲ್ಲಿ ಇದನ್ನು ಮಾಡಿದಾಗ, ಪ್ಯಾರಿಸ್ಸಿನ ಒಬ್ಬ ಅನಾಮಿಕ ಹುಡುಗಿಯ ಮುಖದ ಅಚ್ಚನ್ನು ಬಳಸಿದ. ನದಿಯಲ್ಲಿ ಸಿಕ್ಕ ಹೆಣ, ಗುರುತು ಹಿಡಿಯಲು ಯಾರೂ ಬರಲಿಲ್ಲ ಅಂತ ಹೇಳುತ್ತಾರೆ. ಹೆಸರಿಲ್ಲದವಳ ಮುಖದ ಮೇಲೆ ಜಗತ್ತೆಲ್ಲ ಉಸಿರು ಊದಿ ಕಲಿಯುತ್ತಿದೆ. ಅದನ್ನು ಒರೆಸುತ್ತಿದ್ದ ನಮ್ಮವ್ವನಿಗೂ ಆ ದಿನದ ಹಾಜರಿ ಪಟ್ಟಿಯಲ್ಲಿ ಹೆಸರಿರಲಿಲ್ಲ.

ತರಬೇತಿಗೆ ಬಂದ ಅರಿವಳಿಕೆ ಡಾಕ್ಟರು ಒಳ್ಳೆಯ ಮನುಷ್ಯ. ಸಂಜೆ ಸಾಮಾನು ಕಟ್ಟುವಾಗ, "ಸಾರ್, ಇವರಿಗೂ ಹೇಳಿಕೊಡ್ತೀರಾ?" ಅಂದೆ. ಗಡಿಯಾರ ನೋಡಿಕೊಂಡರು. ಪೆಟ್ಟಿಗೆಯ ಮುಚ್ಚಳ ಮತ್ತೆ ತೆಗೆದರು. ಒಂಬತ್ತು ಜನ, ಒಂದೂವರೆ ಗಂಟೆ.

ಭುಜ ತಟ್ಟಿ ಕೂಗು. ಏಳಲಿಲ್ಲವಾ, ಯಾರನ್ನಾದರೂ ಕರೆ, 108ಕ್ಕೆ ಹೇಳಿಸು. ಉಸಿರು ಸರಿಯಾಗಿದೆಯಾ ನೋಡು, ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸು. ಎದೆಯ ನಡುವೆ, ಎಲುಬಿನ ಕೆಳ ಅರ್ಧದ ಮೇಲೆ ಅಂಗೈಯ ಬುಡ ಇಡು, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸಬೇಡ. ಐದರಿಂದ ಆರು ಸೆಂಟಿಮೀಟರು ಆಳಕ್ಕೆ ಒತ್ತು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡು. ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಆಸ್ಪತ್ರೆಯ ಒಳಗೆ ಕಲಿತವರು 30 ಸಲ ಒತ್ತಿ ಬ್ಯಾಗಿನಿಂದ ಎರಡು ಉಸಿರು ಕೊಡುತ್ತಾರೆ. ಹೊರಗೆ, ಕಲಿಯದ ಜನಕ್ಕೆ, ಭಾರತದ ಅರಿವಳಿಕೆ ವೈದ್ಯರ ಸಂಘ 2017ರಲ್ಲಿ ಕೊಟ್ಟ ಕ್ರಮದಲ್ಲಿ ಬಾಯಿಗೆ ಬಾಯಿ ಇಡುವ ಮಾತೇ ಇಲ್ಲ, ಬರೀ ಒತ್ತುವುದು. ನೀರಿನಲ್ಲಿ ಮುಳುಗಿದವರಿಗೆ, ಸಣ್ಣ ಮಕ್ಕಳಿಗೆ ಮಾತ್ರ ಉಸಿರೂ ಮುಖ್ಯ. ಬಾಯಿಗೆ ಬಾಯಿ ಇಲ್ಲ ಅಂದದ್ದಕ್ಕೆ ನನಗೆ ಒಂದು ಕಡೆ ನಗುವೂ ಬಂತು. ಹೋಟೆಲಿನಲ್ಲಿ ಬೇರೆ ಲೋಟ ಇಡುವ ಊರುಗಳಲ್ಲಿ ಯಾರ ಬಾಯಿ ಯಾರ ಬಾಯಿಗೆ ಎಂಬ ಪಂಚಾಯಿತಿ ಮುಗಿಯುವಷ್ಟರಲ್ಲಿ ಹೆಣ ತಣ್ಣಗಾಗಿರುತ್ತಿತ್ತು.

ಅವ್ವನ ಸರದಿ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. ಮೊದಲ ಐದಾರು ಸಲ ಹೆದರಿಕೊಂಡೇ ಒತ್ತಿದಳು. ಆಮೇಲೆ ಬೊಂಬೆ ಟಿಕ್ ಟಿಕ್ ಅನ್ನತೊಡಗಿತು. ಸರಿಯಾದ ಆಳಕ್ಕೆ ಹೋದರೆ ಬರುವ ಸದ್ದು ಅದು. ಬೆಳಿಗ್ಗೆ ಎಷ್ಟೋ ಜನರ ಕೈಯಲ್ಲಿ ಅದು ಸರಿಯಾಗಿ ಬಂದಿರಲಿಲ್ಲ. ಒನಕೆ ಹಿಡಿದ ಕೈ, ಮುದ್ದೆ ತೊಳಸಿದ ಕೈ, ಅದಕ್ಕೆ ಇದೇನು ಹೊಸದಲ್ಲ. ಡಾಕ್ಟರು "ಅಮ್ಮಾ, ನಿಲ್ಲಿಸಬೇಡಿ" ಅಂದರು. ಆಸ್ಪತ್ರೆಯಲ್ಲಿ ಯಾರಾದರೂ ಅವಳನ್ನು ಅಮ್ಮ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಲ್ಲರಿಗೂ ಹೀಗೇ ಬಂತು ಎಂದು ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಕೇರಿಯ ಇನ್ನೊಬ್ಬ ಅಕ್ಕನಿಗೆ ಒಂದೇ ನಿಮಿಷಕ್ಕೆ ತಲೆ ಸುತ್ತಿ ಬಂತು. ಮೈಯಲ್ಲಿ ರಕ್ತವಿಲ್ಲ. ಜೀವ ಉಳಿಸುವ ವಿದ್ಯೆಗೆ ಹೊಟ್ಟೆ ತುಂಬ ಊಟವೂ ಬೇಕು.

ಲೆಕ್ಕ ತಪ್ಪದಿರಲು ಅಮೆರಿಕದಲ್ಲಿ ಒಂದು ಸಿನಿಮಾ ಹಾಡನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ ಅಂತಾರಂತೆ. ನಾನು ಮನೆಗೆ ಬಂದು ನಮ್ಮ ಚಿಕ್ಕಪ್ಪನಿಗೆ ತಮಟೆ ಬಾರಿಸಲು ಹೇಳಿ ಗಡಿಯಾರ ಹಿಡಿದು ಎಣಿಸಿದೆ. ಮಾರಿಹಬ್ಬದ ಮೆರವಣಿಗೆ ಹೊರಡುವಾಗಿನ ಅವನ ಪೆಟ್ಟು ನಿಮಿಷಕ್ಕೆ 110ರ ಹತ್ತಿರ ಬಂತು. ಹೆಣದ ಮುಂದೆ ಬಾರಿಸಲು ಕರೆಯುತ್ತಿದ್ದ ತಮಟೆ ಅದು.

ಸಿಸ್ಟರುಗಳ ಮಾತಿಗೆ ಬರೋಣ, ಅವರನ್ನು ಬಿಟ್ಟು ಬರೀ ಅವ್ವನ ಕತೆ ಹೇಳಿದರೆ ಅನ್ಯಾಯ. 2019ರಲ್ಲಿ ಬಂದ ಹೊಸ ಎಂ.ಬಿ.ಬಿ.ಎಸ್. ಪಠ್ಯದಲ್ಲಿ ಮೊದಲ ತಿಂಗಳಲ್ಲೇ ಈ ಪಾಠ ಸೇರಿದೆ. ಸರಿ. ಆದರೆ ಇದು ಓದಿ ಮುಗಿಸುವ ಪಾಠವಲ್ಲ. ಸೈಕಲ್ಲಿನ ಹಾಗೆ ಒಮ್ಮೆ ಕಲಿತರೆ ಕೊನೆತನಕ ಉಳಿಯುವುದೂ ಇಲ್ಲ. ಕೈ ಬಿಟ್ಟರೆ ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಅಮೆರಿಕದ ಹೃದಯ ಸಂಘದ ಸರ್ಟಿಫಿಕೇಟಿಗೆ ಎರಡೇ ವರ್ಷದ ಆಯಸ್ಸು. ಕ್ರಮಗಳನ್ನೂ ಐದು ವರ್ಷಕ್ಕೊಮ್ಮೆ ತಿದ್ದುತ್ತಾರೆ. 2010ರವರೆಗೆ ಮೊದಲು ಉಸಿರು ಆಮೇಲೆ ಎದೆ ಅಂತಿದ್ದದ್ದು ಆಮೇಲೆ ಮೊದಲು ಎದೆ ಅಂತಾಯಿತು. ಹಳೆಯದನ್ನು ಕಲಿತ ಸಿಸ್ಟರಿಗೆ ಇದನ್ನು ಯಾರು ಹೋಗಿ ಹೇಳಬೇಕು? ಸರ್ಟಿಫಿಕೇಟನ್ನು ಗೋಡೆಗೆ ಹಾಕುವುದಕ್ಕೂ ಮೂರು ತಿಂಗಳಿಗೊಮ್ಮೆ ಬೊಂಬೆಯ ಮುಂದೆ ಹತ್ತು ನಿಮಿಷ ಮಂಡಿಯೂರುವುದಕ್ಕೂ ಬಹಳ ಅಂತರವಿದೆ. ನಮ್ಮ ವ್ಯವಸ್ಥೆಗೆ ಗೋಡೆ ಇಷ್ಟ.

ಇಷ್ಟೆಲ್ಲ ಕಲಿತರೂ ಬಿದ್ದವರೆಲ್ಲ ಎದ್ದು ಕೂರುವುದಿಲ್ಲ. ಅಮೆರಿಕದಂಥ ದೇಶದಲ್ಲೇ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಸುಮಾರು ಹತ್ತಕ್ಕೆ ಒಬ್ಬರು. ಆ ಕಬ್ಬಿನ ಆಳು ಆ ಒಬ್ಬನಾಗುತ್ತಿದ್ದನೋ ಇಲ್ಲವೋ. ಅವನಿಗೆ ಆ ಹತ್ತರಲ್ಲೊಂದು ಪಾಲೂ ಸಿಗಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಆಯಾಗಳಿಂದ, ಓದದವರಿಂದ ಇದೆಲ್ಲ ಆಗುವ ಮಾತಾ ಎಂದು ಕೇಳುವವರಿಗೆ ಉತ್ತರ ಕೊಡಲು ಒಂದು ಊರಿದೆ. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದಾಗ ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ಪಡೆಯಿತು, ಅದು ನಮಗೆಲ್ಲ ಗೊತ್ತು. ಅದೇ ಕಾಲದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಪ್ಪು ಜನ ಮಾಡಿದ ಇನ್ನೊಂದು ಕೆಲಸ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಲ್ಲಿ ಆಗ ರೋಗಿಯನ್ನು ಪೊಲೀಸರ ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಕಪ್ಪು ಜನರ ಕೇರಿಗಂತೂ ಅದೂ ಸರಿಯಾಗಿ ಬರುತ್ತಿರಲಿಲ್ಲ. ಪೀಟರ್ ಸಾಫರ್ ಎಂಬ ಅರಿವಳಿಕೆ ವೈದ್ಯ ಅಲ್ಲಿದ್ದ. ಬಾಯಿಂದ ಬಾಯಿಗೆ ಉಸಿರು ಊದಿದರೆ ಮನುಷ್ಯ ಬದುಕುತ್ತಾನೆ ಎಂದು 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದವರಲ್ಲಿ ಒಬ್ಬ. 1966ರಲ್ಲಿ ಆತನ ಸ್ವಂತ ಮಗಳೇ ಅಸ್ತಮಾದಿಂದ ತೀರಿಕೊಂಡಳು. 1967ರಲ್ಲಿ ಫ್ರೀಡಂ ಹೌಸ್ ಎಂಬ ಹೆಸರಿನಲ್ಲಿ ಆಂಬುಲೆನ್ಸ್ ಸೇವೆ ಶುರುವಾಯಿತು. ಕಲಿಸಿದ್ದು ಯಾರಿಗೆ? ಕೆಲಸಕ್ಕೆ ಬಾರದವರು ಎಂದು ಊರು ಬರೆದಿಟ್ಟಿದ್ದ ಕಪ್ಪು ತರುಣ ತರುಣಿಯರಿಗೆ. ಹೈಸ್ಕೂಲು ಮುಗಿಸದವರು, ವಿಯೆಟ್ನಾಂ ಯುದ್ಧದಿಂದ ಬಂದವರು, ಜೈಲು ಕಂಡವರು. ಸುಮಾರು 300 ಗಂಟೆಯ ತರಬೇತಿ. ಅಮೆರಿಕದ ಮೊದಮೊದಲ ಪ್ಯಾರಾಮೆಡಿಕ್‌ಗಳಲ್ಲಿ ಇವರಿದ್ದಾರೆ. ಇವರ ಜೊತೆ ದುಡಿದ ಡಾಕ್ಟರು ನ್ಯಾನ್ಸಿ ಕ್ಯಾರೊಲಿನ್ ಬರೆದ ಪುಸ್ತಕ ಆಮೇಲೆ ದೇಶದ ಪ್ಯಾರಾಮೆಡಿಕ್‌ಗಳಿಗೆಲ್ಲ ಪಠ್ಯವಾಯಿತು.

ಮುಂದೇನಾಯಿತು? 1975ರಲ್ಲಿ ನಗರಸಭೆ ತನ್ನದೇ ಆಂಬುಲೆನ್ಸ್ ಶುರುಮಾಡಿ ಫ್ರೀಡಂ ಹೌಸನ್ನು ಮುಚ್ಚಿತು. ಹೊಸದರಲ್ಲಿ ಬಿಳಿಯರೇ ಹೆಚ್ಚು. ಒಳಗೆ ಸೇರಿಕೊಂಡ ಕಪ್ಪು ಜನರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಹೊರಗಾದರು. ಕೈ ಸೋತಿದ್ದಕ್ಕಲ್ಲ ಅವರು ಹೊರಗಾದದ್ದು.

ಈ ಕತೆಯನ್ನು ಅವ್ವನಿಗೆ ಹೇಳಿದೆ. ಪೂರ್ತಿ ಕೇಳಿ, "ಆ ಜನಕ್ಕೆ ಆಮ್ಯಾಕೆ ಯಾರಾರ ಕೆಲ್ಸ ಕೊಟ್ರಾ?" ಅಂದಳು.

2025ರ ಮಾರ್ಚಿನಲ್ಲಿ ಡಿ ಗ್ರೂಪಿನವರೂ ಹೊರಗುತ್ತಿಗೆಯವರೂ ಸೇರಿ ಒಂದು ಅರ್ಜಿ ಕೊಟ್ಟರು. ಬರೆದದ್ದು ನಾನು, ಹೆಬ್ಬೆಟ್ಟು ಒತ್ತಿದವರು ಐದು ಜನ, ಸಹಿ ಹಾಕಿದವರು ಆರು ಜನ, ಜೊತೆಗೆ ಆ ರಾತ್ರಿ ಒತ್ತಿದ ಸಿಸ್ಟರೂ ತಮ್ಮ ಹೆಸರು ಬರೆದರು. ಕೇಳಿದ್ದು ಕಡಿಮೆ. ಆಂಬು ಬ್ಯಾಗಿಗೆ ಬೀಗ ಬೇಡ, ಕಳೆದರೆ ಸಿಸ್ಟರ ಸಂಬಳ ಮುರಿಯಬೇಡಿ. ಮಂಚಗಳ ಹತ್ತಿರ ಒಂದು ಹಲಗೆ ಇಡಿ. ಮುಂದಿನ ತರಬೇತಿಗೆ ಕುರ್ಚಿ ಹಾಕುವವರಿಗೂ ಕೂರಲು ಕುರ್ಚಿ ಕೊಡಿ, ಹಾಜರಿ ಪಟ್ಟಿಯಲ್ಲಿ ಹೆಸರು ಬರೆಯಿರಿ, ಎದೆ ಮುಟ್ಟಬಹುದು ಎಂದು ಲಿಖಿತವಾಗಿ ಹೇಳಿ.

ಸ್ವೀಕೃತಿಯ ಮೊಹರು ಒತ್ತಿ ಕೊಟ್ಟರು. ಹಲಗೆ ಬಂತು, ಬಡಗಿಯ ಹತ್ತಿರ ಸಿಸ್ಟರುಗಳೇ ಮಾಡಿಸಿದರು. ಬೀರುವಿಗೆ ಬೀಗ ಇನ್ನೂ ಇದೆ, ಆದರೆ ಬೀಗದ ಕೈಯನ್ನು ಈಗ ಬೀರುವಿನ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಪಾಳಿ ಶುರುವಾದ ಕೂಡಲೇ ಅವ್ವ ಮೊದಲು ಅದು ಅಲ್ಲಿದೆಯಾ ಅಂತ ಮುಟ್ಟಿ ನೋಡಿ ಆಮೇಲೆ ಪೊರಕೆ ಹಿಡಿಯುತ್ತಾಳೆ. ಲಿಖಿತವಾಗಿ ಇನ್ನೂ ಏನೂ ಬಂದಿಲ್ಲ.